ಟ್ರ್ಯಾಕ್ಟರ್ ನಿಲ್ಲಿಸುವ ಜಾಗ

ಜುಗೂಳ ಬಿಟ್ಟು ರಾಯಬಾಗಕ್ಕೆ ಹೋಗುವುದೆಂದು ತೀರ್ಮಾನವಾದ ದಿನ ನಾನು ಅಳಲಿಲ್ಲ. ಹಗ್ಗ ಹಿಡಿದು ಓಣಿ ಅಳೆದೆ. ನನ್ನ ಗಂಡ ಭೀಮಗೊಂಡರಿಗೆ ಲಕ್ವಾ ಹೊಡೆದು ಬಲಗಡೆಯ ಮೈ, ಮಾತು ಎರಡೂ ಹೋಗಿದ್ದವು. ದವಾಖಾನೆ ಇದ್ದದ್ದು ರಾಯಬಾಗದಲ್ಲಿ. ಅವರನ್ನು ಮಂಚದ ಸಮೇತ ಒಯ್ಯಬೇಕು, ಆದರೆ ನಮ್ಮ ಹಿಂಬಾಗಿಲ ಓಣಿಯ ತಿರುವಿನಲ್ಲಿ ಮಂಚ ಹೊರಳುವುದಿಲ್ಲ. ಸಾಮಾನಿಗಾದರೂ ಓಣಿಯ ಬಾಯಲ್ಲಿ ಟ್ರ್ಯಾಕ್ಟರ್ ನಿಲ್ಲಿಸೋಣವೆಂದರೆ ಕಬ್ಬಿನ ಸುಗ್ಗಿ; ಹಿಂದೆ ಸಿಕ್ಕಿಕೊಂಡ ಗಾಡಿಯವರು ನಮ್ಮ ವಂಶವನ್ನೆಲ್ಲ ಜಾಲಾಡುತ್ತಾರೆ.

ಉಳಿದದ್ದು ಮುಂದಿನ ಅಂಗಳ. ಅದು ಮೈದುನ ಭಾವುಸಾಹೇಬನ ಪಾಲಿಗೆ ಹೋಗಿತ್ತು. ಪಾಲಾದಾಗಿನ ಜಗಳದಲ್ಲಿ ಅಣ್ಣತಮ್ಮಂದಿರ ಮಾತು ನಿಂತು ಒಂಬತ್ತು ವರ್ಷವಾಗಿತ್ತು. ನಡುಗೋಡೆಯಲ್ಲಿ ಒಂದು ಬಾಗಿಲು, ಅದರ ಅಗಳಿ ಅವನ ಕಡೆಗೆ. ನಾನು ಅಲ್ಲಿ ನಿಂತು ಅಂಗಳ ಕೇಳಿದೆ.

“ದಾದಾ ಒಂದ ಸಲ ತಾನ ಕೇಳ್ಲಿ, ಗೇಟ ತೆಗೀತೇನಿ,” ಅಂದ ಗೋಡೆಯಾಚೆಯಿಂದ. ಅವನಿಗೆ ಅಣ್ಣ ದಾದಾ, ಅತ್ತಿಗೆಯಾದ ನಾನು ವೈನಿ.

“ಅವ್ರಿಗೆ ಮಾತ ಬರಾಂಗಿಲ್ರಿ.”

“ನನ್ನ ಕೂಡ ಒಂಬತ್ತ ವರ್ಷ ಆತು ಬರವಲ್ದು, ವೈನಿ. ಅಂವನ ಹಟ ನನಗ ಗೊತ್ತಿಲ್ಲನು?”

ಊರೆಲ್ಲ ಬಂದು ನೋಡಿ ಹೋಗಿತ್ತು. ಒಂದು ಗೋಡೆ ದಾಟಿ ಈ ಮಹಾರಾಯನೊಬ್ಬ ಬಂದಿರಲಿಲ್ಲ. ನನಗೆ ಸಿಟ್ಟು ಕೂಡ ಬರಲಿಲ್ಲ. ಒಳಗೆಲ್ಲ ಜೋಮು ಹಿಡಿದಂತಿತ್ತು.

ಹೊರಡುವ ದಿನ ಬಾಡಿಗೆಗೆ ಹೇಳಿದ್ದ ಮುರಗೆಪ್ಪನ ಟ್ರ್ಯಾಕ್ಟರ್ ಮಧ್ಯಾಹ್ನದ ತನಕ ಅಂಗಳದ ಗೇಟಿನ ಹೊರಗೇ ನಿಂತಿತು. ಕೊನೆಗೆ ನಾಲ್ವರಿಂದ ಮಂಚ ಎತ್ತಿಸಿ ನಡುಬಾಗಿಲ ಎದುರು ಇಳಿಸಿದೆ.

“ಬಂದಾರ. ಕೇಳಿಸ್ಕೊಳ್ರಿ.”

ಅಗಳಿ ಸರಿಯಿತು. ಭಾವುಸಾಹೇಬ ಸೆಟೆದು ನಿಂತಿದ್ದ. ಇವರು ಅವನ ಮುಖ ನೋಡಿದರು. ಸೊಟ್ಟಬಾಯಿ ಅಲುಗಿತು, ಗಂಟಲು ಗೊರಗುಟ್ಟಿತು, ಜೊಲ್ಲು ಗದ್ದಕ್ಕಿಳಿಯಿತು. ಮತ್ತೆ ಪ್ರಯತ್ನಿಸಿದರು.

“ಸಾಕ ದಾದಾ, ಸಾಕ,” ಅಂದ ಭಾವುಸಾಹೇಬ. ಹೋಗಿ ಎಮ್ಮೆಯನ್ನು ಬಿಚ್ಚಿ ಮೂಲೆಗೆ ಕಟ್ಟಿ, ಗೇಟಿನ ಎರಡೂ ಕದ ತೆಗೆದ. ಟ್ರ್ಯಾಕ್ಟರ್ ರಿವರ್ಸ್ ಬಂದು ಅಂಗಳದಲ್ಲಿ ಸಲೀಸಾಗಿ ನಿಂತಿತು.

ಸಾಮಾನು, ಮಂಚ ಏರಿಸುವಷ್ಟರಲ್ಲಿ ಹೊತ್ತು ವಾಲಿತ್ತು. ಭಾವುಸಾಹೇಬನ ಹೆಂಡತಿ ಲಕ್ಷ್ಮಿಬಾಯಿ ತಾಟು ಹಿಡಿದು ಬಂದಳು. “ಅಕ್ಕಾ, ರಾಯಬಾಗ ಮುಟ್ಟೂದ್ರಾಗ ಹೊತ್ತ ಮುಳಗತೈತಿ. ಉಂಡ ಹೋಗ್ರಿ.”

ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲ. ಮೂಲೆ ಮೂಲೆ ಅಳೆದಿದ್ದ ನಾನು ಅದೊಂದನ್ನೇ ಮರೆತಿದ್ದೆ.

ತಾಟನ್ನು ಕಸಿದುಕೊಂಡು ಭಾವುಸಾಹೇಬ ಟ್ರೇಲರ್ ಹತ್ತಿದ. ಅನ್ನ ಕಿವುಚಿ ಕಿವುಚಿ ಅಣ್ಣನಿಗೆ ತುತ್ತಿಟ್ಟ. ನನ್ನ ಕೈಯಲ್ಲಿ ಎರಡು ಚಮಚೆಗೇ ಮುಖ ತಿರುವುತ್ತಿದ್ದವರು ತಾಟು ಬರಿದಾಗುವ ತನಕ ಉಂಡರು. ನಾನು ಪಕ್ಕದಲ್ಲೇ ಕೂತು ನೋಡಿದೆ. ಸಂತೋಷವಾಗಬೇಕಿತ್ತು, ಆಗಲಿಲ್ಲ.

“ಇವತ್ತ ಇದ್ದ ಬಿಡ್ರಿ, ವೈನಿ,” ಅಂದ.

“ನಾಳಿ ಮುರಗೆಪ್ಪಂದ ಕಬ್ಬಿನ ಪಾಳಿ ಐತ್ರಿ. ಗಾಡಿ ಸಿಗಾಂಗಿಲ್ಲ,” ಅಂದೆ.

ಟ್ರ್ಯಾಕ್ಟರ್ ಹೊರಬಿತ್ತು. ಭಾವುಸಾಹೇಬ ಬರಿದಾದ ತಾಟು ಹಿಡಿದು ಅಂಗಳದ ನಡುವೆ ನಿಂತೇ ಇದ್ದ.

“ಗೇಟ ಹಾಕ್ಕೋರಿ, ಎಮ್ಮಿ ಹೊರಗ ಹೋದೀತು,” ಎಂದು ಕೂಗಿ ಹೇಳಿದೆ.

ಅವನು ಹಾಕಲಿಲ್ಲ. ಹಾಕಿಕೊಂಡು ಇನ್ನು ಯಾರನ್ನು ತಡೆಯಬೇಕಿತ್ತು?