ಹೀರಾಳ ಫೋಟೋ ಮೇಲಿನ ಗೀಟು

ಆ ಸ್ಕ್ಯಾನರ್ ಹೊಸದು ಎಂಬುದನ್ನು ನಾನು ಇವತ್ತಿಗೂ ನಂಬಿಲ್ಲ. ಮಷೀನು ಮಾರುವ ಅಂಗಡಿಯ ಮುಜೀಬೋದ್ದೀನ ಅದನ್ನು ಬೀದರಿನಿಂದ ಸ್ಕೂಟರಿಗೆ ಕಟ್ಟಿಕೊಂಡು ಭಾಲ್ಕಿಗೆ ತಂದಾಗ ಡಬ್ಬಿಯ ಟೇಪು ಒಂದು ಕಡೆ ಕಿತ್ತುಹೋಗಿತ್ತು.

"ಯಾಕ್ರಿ, ಯಾರರ ವಾಪಸ್ ಕೊಟ್ಟ ಮಾಲು ನಮ್ಮ ತಲಿಗಿ ಕಟ್ಟಾಕ ತಂದೀರೇನು?" ಎಂದೆ.

"ತೌಬಾ, ಬಾಯಾರ! ಬೀದರ ಬಾಜೂಕಿನ ಕೊಳಾರದ ಗೋದಾಮಿನಿಂದ ಸೀದಾ ತಂದೇನ್ರಿ. ದಾರ್ಯಾಗ ಹಗ್ಗ ತಿಕ್ಕಿ ಟೇಪು ಹೋಗ್ಯದ."

ಹಗ್ಗವನ್ನು ಕರೆದು ಸಾಕ್ಷಿ ಕೇಳಲಾದೀತೇ? ನಾನು ಅನುಸೂಯಾಬಾಯಿ, ಗುಳೆ ಹೋಗುವವರ ಮಕ್ಕಳ ವಸತಿ ನಿಲಯದ ಗುಮಾಸ್ತೆ, ಊರು ಔರಾದ. ಹಾಲಿನವನು ಅಳೆದು ಕೊಟ್ಟ ಹಾಲನ್ನೂ ಮನೆಯಲ್ಲಿ ಇನ್ನೊಮ್ಮೆ ಅಳೆಯುವ ಹೆಂಗಸು ನಾನು. ಅದಕ್ಕೆ ಯಾರಾದರೂ ನಕ್ಕರೆ ನಗಲಿ.

ಮಾಂಜ್ರಾ ನದಿಯನ್ನು ಜನ ಚಪ್ಪಲಿ ಬಿಚ್ಚದೆ ದಾಟುತ್ತಿದ್ದ ವರ್ಷ ಅದು. ದಸರಾ ಮುಗಿದದ್ದೇ ತಡ, ಕಬ್ಬು ಕಡಿಯಲು ಜನರನ್ನು ಒಯ್ಯುವ ಮುಕಾದಮರ ಲಾರಿಗಳು ಊರೂರಿಗೆ ಬಂದು ನಿಂತವು. ತಂದೆತಾಯಿ ಮಹಾರಾಷ್ಟ್ರಕ್ಕೆ ಹೋದರೂ ಮಕ್ಕಳು ನಮ್ಮ ನಿಲಯದಲ್ಲಿದ್ದು ಸಾಲೆ ಕಲಿಯಬಹುದಿತ್ತು. ಆದರೆ ಆ ಸಲ ಮೇಲಿನಿಂದ ಹೊಸ ಹುಕುಂ ಬಂತು. ಮಕ್ಕಳ ಅರ್ಜಿಗಳನ್ನೆಲ್ಲ ಸ್ಕ್ಯಾನ್ ಮಾಡಿ ಅಂದೇ ಸಂಜೆಯೊಳಗೆ ಬೀದರಿಗೆ ಕಳಿಸಬೇಕು. ಯಾರ ಅರ್ಜಿ ಮುಟ್ಟುವುದಿಲ್ಲವೋ ಅವರಿಗೆ ಜಾಗವಿಲ್ಲ. ಮಷೀನೂ ಅದೇ ದಿನ ಬರಬೇಕೇ!

ಮುಜೀಬೋದ್ದೀನ ಅದರೊಳಗೆ ಅಂಟಿಸಿದ್ದ ಬಣ್ಣದ ಪಟ್ಟಿಗಳನ್ನು ಕಿತ್ತ, ವೈರು ಸಿಕ್ಕಿಸಿದ, ಕಂಪ್ಯೂಟರಿನಲ್ಲಿ ಏನೋ ಹಾಕಿದ. ಕಾಗದದ ಪಿನ್ನು ತೆಗೆಯಬೇಕು, ಕಟ್ಟನ್ನು ಬಿಡಿಸಿ ಗಾಳಿಯಾಡಿಸಬೇಕು, ಮುಖ ಕೆಳಗೆ ಮಾಡಿ ಇಡಬೇಕು, ಗುಂಡಿ ಒತ್ತಬೇಕು ಎಂದು ಹೇಳಿಕೊಟ್ಟ.

"ಒಂದೊಂದೇ ಹಾಳಿ ತಾನೇ ಎಳಕೋತದ್ರಿ" ಎಂದ.

"ಎರಡು ಕೂಡಿ ಎಳಕೊಂಡ್ರ? ಒಬ್ಬ ಹುಡುಗನ ಅರ್ಜಿ ನುಂಗಿ ಕುಂತ್ರ?"

"ನಿಂತು ಒದರ್ತದ್ರಿ, ಬಾಯಾರ. ನಿಮ್ಮಂಗೇ" ಎಂದು ಹಲ್ಲು ಕಿರಿದ.

ನಾನು ನಗಲಿಲ್ಲ. ಅಷ್ಟರಲ್ಲಿ ಖಟಕ ಚಿಂಚೋಳಿಯ ಪುತಳಾಬಾಯಿ ಮಗಳು ಹೀರಾಳನ್ನು ಎಳೆದುಕೊಂಡು ಒಳಗೆ ಬಂದಳು. ಕುರಿ ಸಾಕುವ ಮನೆತನ. ನೀರಿಲ್ಲದೆ ಗಂಡ ಧೊಂಡಿಬಾ ಹಿಂಡನ್ನು ಮಾರಿಬಿಟ್ಟಿದ್ದ. ಅವನು ಈಗ ಪಾತ್ರೆ ಪಡಗ ಏರಿಸಿದ ಲಾರಿಯ ಹತ್ತಿರ ಕುಳಿತಿದ್ದ. ಲಾರಿ ಸಂಜೆಗೆ ಹೊರಡುವುದಿತ್ತು. ಹೀರಾ ಸಾಲೆಯಲ್ಲಿ ಏಳನೇ ಇಯತ್ತೆ. ಇಲ್ಲಿ ಜಾಗ ಸಿಕ್ಕರೆ ಉಳಿಯುತ್ತಾಳೆ, ಇಲ್ಲದಿದ್ದರೆ ಲಾರಿ ಹತ್ತುತ್ತಾಳೆ. ಅವಳ ಅಕ್ಕ ಹಾಗೆ ಹತ್ತಿದವಳು ಮರಳಿ ಸಾಲೆಯ ಮುಖ ನೋಡಲಿಲ್ಲ, ಕಬ್ಬಿನ ಗುಡಿಸಲಲ್ಲೇ ಮದುವೆಯಾಗಿ ಹೋದಳು.

ಪುತಳಾಬಾಯಿ ಹೀರಾಳ ಅರ್ಜಿಯನ್ನು ಸೆರಗಿನಿಂದ ಬಿಚ್ಚಿ ನನಗೆ ಕೊಟ್ಟು, ಮೇಜಿನ ಮುಂದೆಯೇ ನೆಲದ ಮೇಲೆ ಕುಳಿತಳು.

"ಇದು ಮೊದಲ ಹೋಗ್ಲಿರಿ, ನನ್ನ ಕಣ್ಣ ಮುಂದ. ಆಫೀಸಿನವರು ಯಾವಾಗ ಏನ್ ಮಾಡ್ತೀರಿ ಅನ್ನೂದು ಬಲ್ಲೆ. ನಮ್ಮತ್ತಿ ಹೆಸರಿನ ಮ್ಯಾಲ ರೇಶನ್ ಆಫೀಸಿನ್ಯಾಗ ಗೀಟು ಹೊಡದ್ರು. ರೊಟ್ಟಿ ಬಡಿತಾ ಕುಂತಾಕಿ ಅವರ ಕಾಗದದಾಗ ಸತ್ತಳು."

"ನಾ ಯಾರಿಗೂ ಗೀಟು ಹೊಡಿಯಾಕಿ ಅಲ್ಲ" ಎಂದು ಸಿಟ್ಟಿನಿಂದಲೇ ಅವಳ ಕಾಗದವನ್ನು ಎಲ್ಲಕ್ಕಿಂತ ಮುಂದೆ ಇಟ್ಟು ಗುಂಡಿ ಒತ್ತಿದೆ.

ಪರದೆಯ ಮೇಲೆ ಹೀರಾಳ ಅರ್ಜಿ ಬಂತು. ಮೇಲಿನಿಂದ ಕೆಳತನಕ ಒಂದು ಕಪ್ಪು ಗೀಟು. ಅದು ಹುಡುಗಿಯ ಫೋಟೋವನ್ನು ಹಣೆಯಿಂದ ಗದ್ದದವರೆಗೆ ಸೀಳಿಕೊಂಡು ಹೋಗಿತ್ತು.

ಪುತಳಾಬಾಯಿಗೆ ಓದು ಬಾರದು, ಆದರೆ ಫೋಟೋ ಕಾಣುತ್ತದೆ, ಗೀಟು ಕಾಣುತ್ತದೆ.

"ಹೊಡದ್ರಿ! ಹೊಡದೇ ಬಿಟ್ರಿ!" ಎಂದು ಎದ್ದು ನಿಂತಳು. "ಯಾರ ಮಗಳಿಗಿ ಕೊಟ್ರಿ ಈ ಜಾಗ? ನಾ ಇಲ್ಲಿಂದ ಕದಲಾಕಿ ಅಲ್ಲ. ಗೀಟು ಅಳಸೂ ತನಕ ಲಾರಿ ನಿಂತರ ನಿಲ್ಲಲಿ, ಹೋದರ ಹೋಗ್ಲಿ!"

ಹೊರಗಿದ್ದ ಮಂದಿ ಬಾಗಿಲಿಗೆ ಮುಕುರಿದರು. ನಾನು ಮತ್ತೆ ಹಾಕಿದೆ, ಮತ್ತೆ ಗೀಟು. ಬೇರೆ ಮಕ್ಕಳ ಕಾಗದಗಳ ಮೇಲೂ ಅದೇ ಗೀಟು. ನನ್ನ ಸಿಟ್ಟು ಮುಜೀಬೋದ್ದೀನನ ಮೇಲೆ ತಿರುಗಿತು.

"ಹಳೀ ಮಾಲು ಅಂತ ನಾ ಹೇಳಲಿಲ್ಲೇನು? ನಿಮ್ಮ ಹಗ್ಗದ ಕಥಿ ಈಗ ಹೇಳ್ರಿ!"

"ತಡೀರಿ, ಬಾಯಾರ. ಬಣ್ಣದಾಗ ತಗದು ನೋಡೋಣ್ರಿ." ಅವನು ಕಂಪ್ಯೂಟರಿನಲ್ಲಿ ಒಂದು ಕಡೆ ಒತ್ತಿ ಹೀರಾಳ ಕಾಗದವನ್ನು ಇನ್ನೊಮ್ಮೆ ಓಡಿಸಿದ. ಈ ಸಲ ಗೀಟು ಹಳದಿಯಾಗಿ ಬಂತು. ಅವನು ಮಷೀನಿನ ಮುಚ್ಚಳ ತೆರೆದ. ಒಳಗೆ ಬೆರಳಗಲದ ಗಾಜಿನ ಪಟ್ಟಿ, ಅದರ ಮೇಲೆ ಸಾಸಿವೆಗಿಂತ ಸಣ್ಣ ಹಳದಿ ಚುಕ್ಕೆ. ಕಾಗದ ಆ ಗಾಜಿನ ಮೇಲೆ ಸರಿಯುತ್ತದೆ, ಚುಕ್ಕೆ ಮಾತ್ರ ಅಲ್ಲೇ ಕೂತಿರುತ್ತದೆ, ಹಾಗಾಗಿ ಅದು ಉದ್ದಕ್ಕೂ ಗೀಟಾಗಿ ಕಾಣುತ್ತದೆ ಎಂದು ತಿಳಿಸಿದ. ನಾನು ಹೀರಾಳ ಅರ್ಜಿಯ ಮಡಿಕೆಯನ್ನು ಬೆಳಕಿಗೆ ಹಿಡಿದೆ. ಮಡಿಕೆಯ ತುಂಬ ಮೈಲಾರ ಮಲ್ಲಣ್ಣನ ಭಂಡಾರ! ಜಾಗ ಸಿಗಲೆಂದು ಕಾಗದವನ್ನು ದೇವರ ಮುಂದಿಟ್ಟು ಆ ಅರಿಶಿಣದ ಪುಡಿ ಎರಚಿ ತಂದಿದ್ದಾಳೆ.

ನನಗೆ ಆಗ ಸಿಕ್ಕಿದ ಖುಷಿ ಏನು ಹೇಳಲಿ! ನಾಲ್ಕು ಮಂದಿಯ ಎದುರು ಕಳ್ಳಿ ಅನ್ನಿಸಿಕೊಂಡಿದ್ದೆನಲ್ಲ.

"ಬಾ ಇಲ್ಲಿ, ಪುತಳಾಬಾಯಿ. ಕಣ್ಣು ಬಿಟ್ಟು ನೋಡು. ಗೀಟು ನಾ ಹೊಡದಿಲ್ಲ, ಮಷೀನೂ ಹೊಡದಿಲ್ಲ. ನಿನ್ನ ಮಲ್ಲಣ್ಣನ ಭಂಡಾರ ಹೊಡದದ!"

ಅವಳು ಬಗ್ಗಿ ನೋಡಿದಳು. ಆ ಚುಕ್ಕೆಯನ್ನು ಬೆರಳಿನಿಂದ ತೆಗೆದು ಹಣೆಗೆ ಒತ್ತಿಕೊಂಡಳು. ಆಮೇಲೆ ಮಗಳ ಕೈ ಹಿಡಿದಳು.

"ನಡಿ, ಹೀರಾ."

"ಎಲ್ಲಿಗಿ? ಒರಿಸಿದ್ರ ಗೀಟು ಹೋಗ್ತದ, ಹುಚ್ಚಿ!" ಎಂದೆ.

"ನೀವು ಹೊಡದಿದ್ರ ನಾ ಇಲ್ಲೇ ಬಿದ್ದು ಜಗಳಾಡತಿದ್ದೇನ್ರಿ, ಬಾಯಾರ. ಅಂವ ಹೊಡದಾನಂದ್ರ ಯಾರ ಜೋಡಿ ಜಗಳಾಡ್ಲಿ? ಹುಡುಗಿನ್ನ ಬಿಟ್ಟು ಹೋಗಬ್ಯಾಡ ಅಂತ ಹೇಳ್ಯಾನ. ಬಿಟ್ಟು ಹೋದ್ರ ಏನಾಗ್ತದೋ ಏನೋ."

"ಅವ್ವಾ, ಅದು ಪುಡಿ" ಎಂದು ಹೀರಾ ಅಂದದ್ದಕ್ಕೆ ಬೆನ್ನಿಗೆ ಒಂದು ಬಿತ್ತು. ಮುಜೀಬೋದ್ದೀನ ಗಾಜು ಒರೆಸಿ ಅಚ್ಚುಕಟ್ಟಾದ ಪ್ರತಿ ತೆಗೆದು ತೋರಿಸಿದ. ಪುತಳಾಬಾಯಿ ತಿರುಗಿಯೂ ನೋಡಲಿಲ್ಲ. ಇಬ್ಬರೂ ಅಂಗಳಕ್ಕೆ ಇಳಿದರು. ಹುಡುಗಿ ಹಿಂದಕ್ಕೆ ಜಗ್ಗುತ್ತಾ ಅಳುತ್ತಿದ್ದಳು.

ಹಾಳಾದ ನಾಲಿಗೆ, ಒಂದು ಗಳಿಗೆ ಸುಮ್ಮನಿದ್ದಿದ್ದರೆ! ಬುದ್ಧನ ಫೋಟೋ ಮುಂದೆ ದಿನಾ ಕೈಮುಗಿದು ಸುಳ್ಳಾಡೆನೆಂದು ಪಂಚಶೀಲ ಹೇಳುವವಳು ನಾನು. ಹೇಳಿದ ನಿಜ ಆ ಹುಡುಗಿಯನ್ನು ಲಾರಿ ಹತ್ತಿಸುತ್ತಿತ್ತು. ಅಂಗಳಕ್ಕೆ ಓಡಿದೆ.

"ನಿಲ್ಲು, ಪುತಳಾಬಾಯಿ! ಗೀಟು ನಾನೇ ಹೊಡದೇನಿ."

ಅವಳು ನಿಂತಳು.

"ನಮ್ಮ ತಂಗಿ ಮಗಳನ್ನ ಈ ಜಾಗಕ್ಕ ಹಾಕಬೇಕು ಅಂತ ಮಾಡಿದ್ದೆ. ಗಾಜಿನ ಮ್ಯಾಲ ಪುಡಿ ಇಟ್ಟಾಕಿ ನಾನೇ. ದೇವರ ಹೆಸರು ಹೇಳಿದ್ರ ನೀ ಸುಮ್ಮ ಹೋಗ್ತಿ ಅಂತ ಗೊತ್ತಿತ್ತು ನನಗ."

ಅಂಗಳದ ತುಂಬ ಮಂದಿ. ಮುಜೀಬೋದ್ದೀನ ಬಾಯಿ ತೆರೆದ, ನಾನು ಕಣ್ಣು ಕೆಕ್ಕರಿಸಿದೆ, ಬಾಯಿ ಮುಚ್ಚಿಕೊಂಡ. ಪುತಳಾಬಾಯಿಯ ಮುಖಕ್ಕೆ ರಕ್ತ ಏರಿತು.

"ನನಗ ಮೊದಲೇ ಗೊತ್ತಿತ್ತು! ನಿನ್ನ ಕೈಗಿ ಕರಿನಾಗ ಕಡೀಲಿ! ಮಲ್ಲಣ್ಣನ ಮ್ಯಾಲ ಹಾಕತೀ? ಬಡವರ ಮಕ್ಕಳ ಜಾಗ ತಿಂತೀ?" ಎಂದು ಶುರು ಮಾಡಿದವಳು ನನ್ನ ತಾಯಿಯನ್ನೂ ಬಿಡಲಿಲ್ಲ. ಬೈಯುತ್ತಲೇ ಒಳಗೆ ಬಂದಳು, ಬೈಯುತ್ತಲೇ ಮಗಳ ಕಾಗದವನ್ನು ಇನ್ನೊಮ್ಮೆ ಹಾಕಿಸಿದಳು. ಪರದೆಗೆ ಮೂಗು ಹಚ್ಚಿ ನೋಡಿದಳು, ಗೀಟಿಲ್ಲ. ಬೀದರಿಗೆ ಮುಟ್ಟಿತೆಂದು ಮುಜೀಬೋದ್ದೀನನ ಕೈಯಲ್ಲಿ ಆಣೆ ಹಾಕಿಸಿದಳು, ನನ್ನ ಆಣೆ ಬೇಡವೆಂದಳು.

ಲಾರಿಯ ಹಾರ್ನು ಕೇಳಿತು. ಪುತಳಾಬಾಯಿ ಹೀರಾಳ ತಲೆ ನೇವರಿಸಿ, ನನ್ನ ಕಡೆ ಬೆರಳು ತೋರಿಸಿದಳು.

"ಈಕಿ ಮ್ಯಾಲ ಕಣ್ಣಿಟ್ಟಿರು. ಏನರ ಮಾಡಿದ್ರ ಅಪ್ಪಗ ಫೋನ್ ಹಚ್ಚು, ಕಬ್ಬು ಅಲ್ಲೇ ಬಿಟ್ಟು ಬರ್ತೇನಿ."

"ಬಾ, ನಾನೂ ನೋಡ್ತೇನಿ!" ಎಂದೆ.

ಅವಳು ಹೋದ ಮೇಲೆ ಅಂಗಳದಲ್ಲಿ ಗುಸುಗುಸು ನಿಲ್ಲಲಿಲ್ಲ. ಇಷ್ಟು ವರ್ಷದ ನೌಕರಿಯಲ್ಲಿ ಯಾರೂ ನನ್ನನ್ನು ಹಾಗೆ ನೋಡಿರಲಿಲ್ಲ. ಉಳಿದವರೆಲ್ಲ ಒಬ್ಬೊಬ್ಬರಾಗಿ ಒಳಗೆ ಬಂದು ತಮ್ಮ ಮಕ್ಕಳ ಕಾಗದದ ಮೇಲೆ ಗೀಟಿಲ್ಲವೆಂದು ಪರದೆ ಮುಟ್ಟಿ ಮುಟ್ಟಿ ನೋಡಿದರು. ನಾನು ತಲೆ ತಗ್ಗಿಸಿ ಹಾಳೆ ಇಡುತ್ತಾ ಹೋದೆ. ಕಣ್ಣು ತುಂಬಿಬಂತು, ಒರೆಸಿಕೊಂಡೆ.

ಹೀರಾ ನನ್ನ ಕುರ್ಚಿಯ ಪಕ್ಕ ಬಂದು ನಿಂತಳು.

"ಬಾಯಾರ, ಅವ್ವಗ ಖರೇ ಹೇಳ್ಲೇನ್ರಿ?"

"ಈಗ ಬ್ಯಾಡ" ಎಂದೆ. "ಏಳನೇ ಇಯತ್ತೆ ಪಾಸಾಗು. ಆಮ್ಯಾಲ ನೀ ಹೇಳು."