ಸಿಗಡಿಗೆ ಸಿಹಿನೀರು

"ರಂಡೆ, ಇಳಿತ್ಯೊ ಇಲ್ಲಾ ದೂಡಿ ಹಾಕೂದೊ?"

ನಾಗಿ ಬಾವಿಕಟ್ಟೆಯ ಮೇಲೆ ಕೂತು ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಬಿಗಿದು ಕಟ್ಟಿಕೊಳ್ಳುತ್ತಿದ್ದಳು. ಬೆಳಗಿನಿಂದ ಸಿಗಡಿ ಹೊಂಡದ ದಂಡೆಗೆ ಮಣ್ಣು ಹೊತ್ತು ಅವಳ ಕುತ್ತಿಗೆ ಮರಗಟ್ಟಿತ್ತು. ಹೊಂಡದ ಧಣಿ ನಿತ್ಯಾನಂದ ಬೈದದ್ದಕ್ಕೆ ಅವಳು ತಲೆ ಎತ್ತಲಿಲ್ಲ. ಬೈಗುಳ ಅವನಿಗೆ ಉಸಿರಿನ ಹಾಗೆ. ಪಂಪು ನಡೆಸುವ ಸುಬ್ಬ ಬಿದಿರಿನ ಏಣಿಯನ್ನು ಬಾವಿಯೊಳಗೆ ಇಳಿಸಿ ಅಲುಗಾಡಿಸಿ ನೋಡಿದ. ಅವನೂ ನಾಗಿಯ ಕೇರಿಯವನೇ.

ಬಾವಿಯ ನೀರು ಮೊಣಕಾಲುದ್ದಕ್ಕೆ ಇಳಿದಿತ್ತು. ಪಂಪಿನ ಪೈಪಿನ ತುದಿಗೆ ಹೂಳು ಸಿಕ್ಕಿ ನೀರು ಏರುತ್ತಿರಲಿಲ್ಲ. ಯಾರಾದರೂ ಕೆಳಗಿಳಿದು ಕೈಯಲ್ಲೇ ಹೂಳು ಬಾಚಬೇಕು. ಆ ಬಾವಿಯ ತಳ ನಾಗಿಗೆ ಗೊತ್ತು. ಮದುವೆಯಾಗಿ ಬಂದ ವರ್ಷ ಗಂಡ ಈರ ಅದನ್ನು ಅಗೆದವರಲ್ಲಿ ಒಬ್ಬ, ಅವಳು ಮಣ್ಣು ಹೊತ್ತವಳು. ಸರಕಾರಿ ಜಾಗದಲ್ಲಿ ಇಡೀ ಕೇರಿ ಸೇರಿ ತೋಡಿದ ಬಾವಿ. ಈರ ಸತ್ತು ಆರು ವರ್ಷವಾಗಿತ್ತು.

ಆಗ ಹೊಳೆಬದಿಯ ಗಜನಿ ಗದ್ದೆಗಳಲ್ಲಿ ಮಳೆಗಾಲಕ್ಕೆ ಭತ್ತ ಬೆಳೆಯುತ್ತಿತ್ತು. ಉಪ್ಪುನೀರು ಬೇಸಿಗೆಯಲ್ಲಿ ಬಂದು ಮಳೆಗೆ ತೊಳೆದು ಹೋಗುತ್ತಿತ್ತು. ಸಿಗಡಿ ಸಾಕಣೆ ಬಂದ ಮೇಲೆ ಗದ್ದೆಗಳು ಹೊಂಡಗಳಾದವು, ಉಪ್ಪುನೀರು ವರ್ಷವಿಡೀ ನಿಂತಿತು. ಕೇರಿಯ ಬಾವಿಗಳು ಒಂದೊಂದಾಗಿ ಉಪ್ಪಾದವು. ಉಳಿದದ್ದು ಇದೊಂದು. ನಿತ್ಯಾನಂದ ಹೊಂಡಕ್ಕೆ ಬೇಲಿ ಹಾಕಿದಾಗ ಬಾವಿಯೂ ಬೇಲಿಯೊಳಗೆ ಹೋಯಿತು. ಕೇರಿಯ ಹೆಂಗಸರು ಕುಮಟೆಗೆ ಹೋಗಿ ತಾಲೂಕು ಕಚೇರಿಯ ಬಾಗಿಲಲ್ಲಿ ಎರಡು ದಿನ ಕೂತರು. ಮೂರನೆಯ ದಿನ ಸಾಹೇಬರು ನಕ್ಷೆ ಬಿಡಿಸಿ ನೋಡಿ, ಅಲ್ಲಿ ಬಾವಿಯೇ ಇಲ್ಲ ಎಂದರು. ದಿನವೂ ನೀರು ಸೇದುತ್ತೇವಲ್ಲ ಎಂದು ನಾಗಿಯ ನೆರೆಮನೆಯ ಗಣಪಿ ಹೇಳಿದ್ದಕ್ಕೆ, ನಕ್ಷೆಯಲ್ಲಿ ಇಲ್ಲದ್ದನ್ನು ಸೇದುವುದು ಕಳ್ಳತನ ಎಂದು ನಕ್ಕು, ಮೀನು ನಾರುತ್ತೆ ದೂರ ನಿಲ್ಲಿ ಎಂದು ಮೂಗಿಗೆ ಕರವಸ್ತ್ರ ಹಿಡಿದರು.

ಮೊದಲೆಲ್ಲ ಏಪ್ರಿಲ್ ಕೊನೆಗೆ ಒಂದೆರಡು ಮಳೆ ಬೀಳುತ್ತಿತ್ತು. ಮೂರು ವರ್ಷದಿಂದ ಅದೂ ಇಲ್ಲ. ಈ ಸಲ ಮೇ ಮುಗಿಯುತ್ತ ಬಂದರೂ ಆಕಾಶ ಬಿಳಿಚಿಕೊಂಡೇ ಇತ್ತು. ಬಿಸಿಲಿಗೆ ಹೊಂಡದ ನೀರು ಗಟ್ಟಿ ಉಪ್ಪಾಗಿ, ಮರಿ ಬಿಟ್ಟ ಸಣ್ಣ ಹೊಂಡದಲ್ಲಿ ಸಿಗಡಿ ಮರಿಗಳು ಅಂಚಿಗೆ ಬಂದು ಸಾಯತೊಡಗಿದವು. ಉಪ್ಪು ತೆಳುವಾಗಲೆಂದು ನಿತ್ಯಾನಂದ ಬಾವಿಗೆ ಡೀಸೆಲ್ ಪಂಪು ಇಟ್ಟು ಸಿಹಿನೀರನ್ನು ಮರಿಹೊಂಡಕ್ಕೆ ಬಿಟ್ಟ. ಕೇರಿಯವರು ಮೈಲಿ ದೂರ ನಡೆದು ಹೈವೇ ಬದಿಯ ಹೋಟೆಲಿನ ಹಿಂದಿನ ನಲ್ಲಿಗೆ ಸಾಲು ನಿಂತರು.

ನಾಗಿಯ ಮಗಳು ಸಂಗೀತಾ ಹೆರಿಗೆಗೆ ಬಂದಿದ್ದಳು. ಕೂಸಿಗೆ ಹದಿನೆಂಟು ದಿನ. ಸೆಕೆಗೆ ಅದರ ಕುತ್ತಿಗೆ, ತೊಡೆಸಂದಿಯೆಲ್ಲ ಗುಳ್ಳೆಯೆದ್ದು ಒಡೆದಿತ್ತು. ಮನೆಯ ಉಪ್ಪುನೀರನ್ನು ಮೈಗೆ ಹಾಕಿದರೆ ಅದು ಉಸಿರುಗಟ್ಟುವವರೆಗೆ ಅಳುತ್ತಿತ್ತು. ಹೊತ್ತು ತಂದ ಒಂದು ಕೊಡ ಕುಡಿಯುವುದಕ್ಕೇ ಸಾಲದು. ಹಿಂದಿನ ದಿನ ನಾಗಿ ಪೈಪಿನ ಬಾಯಿಗೆ ಕೊಡ ಹಿಡಿದಿದ್ದಳು. ಅರ್ಧ ತುಂಬಿತ್ತು. ನಿತ್ಯಾನಂದ ಬಂದು ಕೊಡವನ್ನು ಕಾಲಿನಿಂದ ಹೊಂಡಕ್ಕೆ ಒದ್ದ.

"ಸಿಗಡಿ ಬಾಯಿಂದ ಕಿತ್ಕಂಡು ಕುಡೀತ್ಯನೆ? ಒಂದೊಂದು ಮರಿ ಮದ್ರಾಸಿಂದ ತರ್ಸದ್ದು. ನಿನ್ ಮಗ್ಳು ಹೆತ್ತದ್ದಕ್ಕೆ ಯಾರ್ ಕೇಳ್ತಾರೆ?"

ಅವಳು ಸೊಂಟದವರೆಗಿನ ನೀರಿಗಿಳಿದು ಕೊಡ ಹುಡುಕಿಕೊಂಡಿದ್ದಳು. ಇವತ್ತು ಕೆಲಸಕ್ಕೂ ಬಂದಿದ್ದಳು.

ನಾಗಿ ಏಣಿ ಇಳಿದಳು. ತಳದಲ್ಲಿ ಬಿಸಿಲಿರಲಿಲ್ಲ. ಕೆಂಪುಕಲ್ಲಿನ ಗೋಡೆ ತಣ್ಣಗಿತ್ತು. ಬಗ್ಗಿ ಬಗ್ಗಿ ಹೂಳು ಬಾಚಿ ಬಕೆಟ್ಟಿಗೆ ತುಂಬಿದಳು, ಸುಬ್ಬ ಎಳೆದುಕೊಂಡ. ಹೂಳು ಮುಗಿದಾಗ ಮೂಡಣ ಬದಿಯ ಕಲ್ಲಿನ ಸಂದಿಯಿಂದ ದಾರದಷ್ಟು ಸಣ್ಣ ಒರತೆ ಇಳಿಯುವುದು ಕಂಡಿತು. ಬೊಗಸೆಯೊಡ್ಡಿ ಕುಡಿದಳು. ಬಾಯಿಗೆ ಉಪ್ಪು ಹತ್ತಲಿಲ್ಲ. ಅಲ್ಲೇ ಒಂದು ಕಲ್ಲಿನ ಮೇಲೆ ಕೂತಳು.

ಮೇಲೆ ಬಾ, ಪಂಪು ಹಾಕಬೇಕು ಎಂದು ಸುಬ್ಬ ಕೂಗಿದ. ಏಳಬೇಕು ಅಂದುಕೊಂಡಳು. ಮೊಣಕಾಲು ಕೇಳಲಿಲ್ಲ. ಎದ್ದರೆ ಮತ್ತೆ ಮಣ್ಣಿನ ಬುಟ್ಟಿ, ಆಮೇಲೆ ಹೋಟೆಲಿನ ಸಾಲು, ಆಮೇಲೆ ಕೂಸಿನ ಅಳು. ಅವಳು ಪೈಪಿನ ತುದಿಯನ್ನು ನೀರಿನಿಂದ ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. ಸುಬ್ಬ ಪಂಪು ಶುರುಮಾಡಿದ. ಅದು ಗಾಳಿ ಎಳೆದು ಕೆಮ್ಮಿ ನಿಂತಿತು.

ನಿತ್ಯಾನಂದನ ತಲೆ ಮೇಲೆ ಕಾಣಿಸಿತು.

"ಎಂತ ಆತು? ಸತ್ಯೇನೆ ಒಳಗೆ?"

"ಇಲ್ಲ ಒಡೆಯ. ಪೈಪು ನನ್ ಮಡ್ಲಲ್ಲಿ ಅದೆ."

"ಬಿಡು ನೀರಿಗೆ. ಬಿಟ್ಟು ಮೇಲ್ ಬಾ."

"ನಂಗೆ ಏಳೂಕೆ ಆಗೂದಿಲ್ಲ. ಕಾಲು ಸೋತೋಯ್ತು. ಗಣಪಿಗೆ ಕೊಡ ತಕಂಡು ಬರೂಕೆ ಹೇಳಿ."

ಅವನು ಅವಳ ತಾಯಿಯನ್ನು, ಮಗಳನ್ನು, ಜಾತಿಯನ್ನು ಹಿಡಿದು ಬೈದ. ಬಾವಿಯೊಳಗೆ ಮಾತುಗಳು ಸುತ್ತು ಹೊಡೆದು ಅವಳ ಹತ್ತಿರ ಬರುವಷ್ಟರಲ್ಲಿ ಕಲಸಿಹೋಗುತ್ತಿದ್ದವು. ಇಳಿದು ಅವಳ ಜುಟ್ಟು ಹಿಡಿದು ಎಳೆದು ತಾ ಎಂದು ಸುಬ್ಬನಿಗೆ ಹೇಳಿದ. ಸುಬ್ಬ ಹಗ್ಗ ಹಿಡಿದು ನಿಂತೇ ಇದ್ದ. ಎರಡನೆಯ ಸಲ ಹೇಳಿದಾಗ ಹಗ್ಗವನ್ನು ಕಟ್ಟೆಯ ಮೇಲಿಟ್ಟು ಬೇಲಿ ದಾಟಿ ಕೇರಿಯ ಕಡೆ ನಡೆದ.

ನಿತ್ಯಾನಂದ ತಾನೇ ಏಣಿ ಎಳೆದು ದೂರ ಎಸೆದ.

"ಅಲ್ಲೇ ಕೊಳೀ, ಬೋಸುಡಿ. ಪೊಲೀಸ್ರು ಬಂದು ಎತ್ತಲಿ."

ಅವನ ಮೊಬೈಲಿಗೆ ಸಿಗ್ನಲ್ ಸಿಗುವುದು ರಸ್ತೆಯ ಹತ್ತಿರ ಮಾತ್ರ. ಅವನು ಅತ್ತ ಹೋದ.

ಸ್ವಲ್ಪ ಹೊತ್ತಿಗೆ ಮೇಲೆ ಕೇರಿಯ ಹೆಂಗಸರ ಬಳೆಯ ಸದ್ದಾಯಿತು. ಗಣಪಿ ಬಗ್ಗಿ ನೋಡಿ, ಏಣಿ ಇಡಲೇ ಎಂದು ಕೇಳಿದಳು. ಮೊದಲು ಕೊಡ ಬಿಡು ಎಂದಳು ನಾಗಿ. ಹಗ್ಗದ ತುದಿಗೆ ಕೊಡ ಇಳಿಯಿತು, ಅದರೊಳಗೆ ಒಂದು ತೆಂಗಿನ ಚಿಪ್ಪು. ನಾಗಿ ಕದಡಿದ ನೀರನ್ನು ಮುಟ್ಟದೆ ಒರತೆಗೆ ಚಿಪ್ಪು ಹಿಡಿದು ಹಿಡಿದು ತುಂಬಿದಳು. ಬಹಳ ಹೊತ್ತು ಬೇಕಾಯಿತು.

"ಇದು ಸಂಗೀತಂಗೆ. ಕೂಸಿಗೆ ಮೀಸೂಕೆ ಹೇಳು, ಪೂರಾ ಸುರೀಲಿ," ಎಂದಳು.

ಎರಡನೆಯ ಕೊಡ ಇಳಿಯಿತು. ಮೂರನೆಯದು ಇಳಿಯಿತು. ಮೇಲೆ ಇನ್ನೂ ಹನ್ನೊಂದು ಇವೆ ಎಂದು ಗಣಪಿ ಹೇಳಿದಳು. ನೀರಿನಲ್ಲಿಟ್ಟ ಕಾಲು ಮರಗಟ್ಟಿ, ಅದು ತನ್ನದು ಹೌದೋ ಅಲ್ಲವೋ ನಾಗಿಗೆ ತಿಳಿಯದಂತಾಗಿತ್ತು. ರಸ್ತೆಯ ಕಡೆಯಿಂದ ಜೀಪು ಬಂದು ನಿಂತ ಸದ್ದು ಕೇಳಿತು, ಬಾಗಿಲು ಬಡಿದ ಸದ್ದು, ಗಂಡಸರ ದನಿ. ಮೇಲಿನ ಹೆಂಗಸರು ಯಾರೂ ಕದಲಿದ ಹಾಗೆ ಕಾಣಲಿಲ್ಲ, ಹಗ್ಗ ಬಿಗಿಯಾಗಿಯೇ ಇತ್ತು.

ನಾಗಿ ಚಿಪ್ಪನ್ನು ಒರತೆಗೆ ಹಿಡಿದು ತುಂಬುವುದನ್ನು ಕಾಯುತ್ತ ಕೂತಳು.