ಕೊನೆಯ ಕವಿ

"ಈಗ ಕನಮಡಿಯ ಕವಿ ಬುಡ್ಡೇಸಾಬ ಮಾಸ್ತರು," ಎಂದು ಸಂಘಟಕ ಸಂಗನಬಸವ ಮೈಕಿನಲ್ಲಿ ಕರೆಯುವ ಹೊತ್ತಿಗೆ, ಅವರಿಗಿಂತ ಮೊದಲು ಓದಿದ ಕವಿ ಪ್ರಮಾಣಪತ್ರ ಸುತ್ತಿಕೊಂಡು ಬಾಗಿಲು ದಾಟುತ್ತಿದ್ದ. ಕವಿಗೋಷ್ಠಿಗಳ ರಿವಾಜೇ ಅದು. ತನ್ನ ಕವಿತೆ ಓದಬೇಕು, ಶಾಲು ಹೊದಿಸಿಕೊಂಡು ಫೋಟೋಕ್ಕೆ ನಗಬೇಕು, ಇನ್ನೊಬ್ಬರ ಕವಿತೆ ಕಿವಿಗೆ ಬೀಳುವ ಮೊದಲೇ ಕಾಲಿಗೆ ಬುದ್ಧಿ ಹೇಳಬೇಕು. ಬೆಳಿಗ್ಗೆ ನಿಲ್ಲಲೂ ಜಾಗವಿಲ್ಲದಿದ್ದ ಸೊಲ್ಲಾಪುರ ರಸ್ತೆಯ ಆ ಸಭಾಭವನ ಈಗ ಬಿಕೋ ಎನ್ನುತ್ತಿತ್ತು. ಮಾಸ್ತರರೇನು ಸಾಚಾ ಅಲ್ಲ ಬಿಡಿ. ಬಸ್ಸಿನ ನೆವ ಹೇಳಿ ಅವರೂ ಎಷ್ಟೋ ಸಲ ಹೀಗೆ ಎದ್ದು ಹೋದವರೇ.

ಆದರೆ ಇವತ್ತಿನ ಕವಿತೆ ಬೇರೆ. ಹೆಂಡತಿ ಪೀರಾಂಬಿ ತೀರಿಕೊಂಡ ಮೇಲೆ ಬರೆದ ಮೊದಲ ಕವಿತೆ, ಬರೆದದ್ದೂ ಅವಳ ಮೇಲೆಯೇ. ಹಿಂದೆಲ್ಲ ಅವರು ಬರೆದದ್ದನ್ನು ಅವಳು ಜೋಳ ಹಸನು ಮಾಡುತ್ತ ಕೇಳುತ್ತಿದ್ದಳು, ತಿಳಿಯಲಿ ಬಿಡಲಿ. ಈಗ ಊರಲ್ಲಿ ಯಾರ ಮುಂದೆ ಓದುವುದು? 'ಹೇಣ್ತಿ ಹೋದಮ್ಯಾಲೆ ಮಾಸ್ತರ ತಲಿ ಕೆಟ್ಟೈತಿ' ಎಂದಾರು. ಕವಿಗಳ ನಡುವೆ ಯಾರಾದರೂ ಕೇಳಿಯಾರು ಎಂದು ವಿಜಯಪುರಕ್ಕೆ ಬಂದಿದ್ದರು. ಒಬ್ಬರು ಕೇಳಿದರೂ ಸಾಕಿತ್ತು.

ವೇದಿಕೆ ಹತ್ತಿ ನೋಡಿದರೆ ಅಧ್ಯಕ್ಷರು ಮೊಬೈಲಿನಲ್ಲಿ ಮುಳುಗಿದ್ದಾರೆ. ಮೈಕಿನ ಯಾಸೀನ ಆಗಲೇ ಒಂದು ಬದಿಯ ವೈರು ಸುತ್ತತೊಡಗಿದ್ದಾನೆ. ಖಾಲಿ ಕುರ್ಚಿಗಳ ನಡುವೆ, ಮೂರನೆಯ ಸಾಲಿನಲ್ಲಿ, ಒಬ್ಬ ಹೆಣ್ಣುಮಗಳು ಮಾತ್ರ ಕೂತಿದ್ದಳು. ಮಾಸ್ತರರು ಹಾಳೆ ಬಿಚ್ಚಿ ಒಮ್ಮೆ ಬಾಗಿಲಿನತ್ತ ನೋಡಿದರು. ಆದರೂ ಓದಿದರು.

"ಕೆಮ್ಮಿದರೆ ಈಗ ಒಳಗಿನಿಂದ
ನೀರು ಬೇಕೇನ್ರಿ ಎಂದು ಯಾರೂ ಕೇಳುವುದಿಲ್ಲ..."

ತಲೆಯೆತ್ತಿದರು. ಆ ಹೆಣ್ಣುಮಗಳ ತುಟಿ ಅಲುಗುತ್ತಿತ್ತು! ಕಣ್ಣು ಅರೆಮುಚ್ಚಿ, ಒಂದೊಂದು ಸಾಲನ್ನೂ ತನ್ನೊಳಗೇ ಹೇಳಿಕೊಳ್ಳುತ್ತಿದ್ದಳು. ಯಾ ಅಲ್ಲಾ, ಪೀರಾಂಬಿಯ ಮಾತು ಇನ್ನೊಬ್ಬರ ಬಾಯಿಗೆ ಬಂತಲ್ಲ ಎಂದು ಮಾಸ್ತರರ ಕಣ್ಣು ತುಂಬಿದವು. ಉಳಿದ ಸಾಲುಗಳನ್ನು ಅವಳೊಬ್ಬಳಿಗಾಗಿಯೇ, ನಿಧಾನವಾಗಿ, ಮನೆಯಲ್ಲಿ ಓದುವ ಹಾಗೆ ಓದಿದರು.

"ಇಂದಿನ ಎಲ್ಲ ಕವಿತೆಗಳೂ ಭರವಸೆ ಮೂಡಿಸಿವೆ," ಎಂದು ಅಧ್ಯಕ್ಷರು ಒಂದೇ ಉಸಿರಿನಲ್ಲಿ ಮುಗಿಸಿದರು. ವಂದನಾರ್ಪಣೆ ಆಯಿತು. ಸಂಗನಬಸವ ಅಧ್ಯಕ್ಷರನ್ನು ಕಾರಿಗೆ ಹತ್ತಿಸಲು ಓಡಿದ. ಮಾಸ್ತರರು ಶಾಲನ್ನು ಚೀಲಕ್ಕೆ ತುರುಕಿ ನೆಟ್ಟಗೆ ಆ ಹೆಣ್ಣುಮಗಳ ಹತ್ತಿರ ಹೋದರು.

"ಯಾವೂರವ್ವಾ ನಿಂದು?"

"ಬಬಲೇಶ್ವರ್ರಿ ಸರ್. ವಿಜಯಲಕ್ಷ್ಮೀ ಅಂತ. ಇಲ್ಲೇ ಸೀರಿ ಅಂಗಡ್ಯಾಗ ಕೆಲಸ ಮಾಡ್ತೀನ್ರಿ."

"ನನ್ನ ಕವಿತಾದಾಗ ಯಾವ ಸಾಲು ಹಿಡಿಸ್ತು?" ಮಾಸ್ತರರ ದನಿಯಲ್ಲಿ ಸಣ್ಣ ಹುಡುಗರ ಆಸೆಯಿತ್ತು.

ಅವಳ ಮುಖ ಸಪ್ಪಗಾಯಿತು. "ತಪ್ಪ ತಿಳ್ಕೋಬ್ಯಾಡ್ರಿ ಸರ್. ಖರೇ ಅಂದ್ರ ನಾ ಕೇಳೇ ಇಲ್ರಿ. ನಂದು ಬಾಯಿಪಾಠ ಮಾಡಾಕತ್ತಿದ್ನಿ. 'ಟೈಮ್ ಉಳದ್ರ ಕರೀತೀನಿ' ಅಂದಿದ್ರು ಸಂಗನಬಸವ ಸರ್. ರಜಾ ಹಾಕಿ ಮುಂಜಾನಿಂದ ಕುಂತೇನ್ರಿ."

ಮಾಸ್ತರರಿಗೆ ಕಪಾಳಕ್ಕೆ ಹೊಡೆದಂತಾಯಿತು. ಸಿಟ್ಟು ಅವಳ ಮೇಲೋ ತಮ್ಮ ಮೇಲೋ ತಿಳಿಯಲಿಲ್ಲ. ಪೀರಾಂಬಿಯ ಕವಿತೆಯನ್ನು ಇಡೀ ಗೋಷ್ಠಿಯ ಕವಿಗಳಲ್ಲಿ ಒಬ್ಬರೂ ಕೇಳಲಿಲ್ಲ.

"ನೀವರ ಕೇಳ್ತೀರೇನ್ರಿ ಸರ್? ಸಣ್ಣದೈತಿ," ಎಂದಳು ಅವಳು.

"ಕನಮಡಿಗಿ ಕಡೀ ಬಸ್ಸೈತವ್ವಾ," ಎಂದು ಮಾಸ್ತರರು ಬಾಗಿಲಿನತ್ತ ನಡೆದರು. ನಂದನ್ನು ಯಾರು ಕೇಳಿದರು, ಇನ್ನೊಬ್ಬರದನ್ನು ನಾನು ಕೇಳಲಿಕ್ಕೆ! ತಿಕೋಟಾ ದಾಟಿ ಊರು ಮುಟ್ಟಿದರೂ ಬೀಗ ತೆಗೆಯಬೇಕಾದವರು ತಾವೇ ಎನ್ನುವುದು ನೆನಪಾಯಿತು.

ಹೊಸ್ತಿಲಾಚೆ ಚಪ್ಪಲಿ ಮೆಟ್ಟುತ್ತಿದ್ದಾಗ ಒಳಗಿನಿಂದ ದನಿ ಕೇಳಿತು. ಮೈಕಿಲ್ಲದ ವೇದಿಕೆಯ ಮೇಲೆ ನಿಂತು ಅವಳು ಕುರ್ಚಿಗಳಿಗೇ ಓದುತ್ತಿದ್ದಳು.

"ಯಾರದೋ ಮದುವೆಯ ಸೀರೆ ದಿನವೆಲ್ಲ ಹೆಗಲಿಗೆ ಹಾಕಿ ತೋರಿಸುತ್ತೇನೆ
ಸೀರೆಯನ್ನೇ ನೋಡುತ್ತಾರೆ..."

ದನಿ ನಡುಗಿ ಅಲ್ಲೇ ನಿಂತಿತು. ಮಾಸ್ತರರು ತಿರುಗಿ ನೋಡಿದರು. ಅವಳೂ ಇವರನ್ನು ನೋಡಿದಳು.

"ಬಸ್ಸು ಹೋಗತೈತ್ರಿ ಸರ್."

"ಹೋಗ್ಲಿ. ಮುಂದ ಓದವ್ವಾ."

ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ಮತ್ತೆ ಮೊದಲಿನಿಂದ ಶುರುಮಾಡಿದಳು. ಯಾಸೀನ ಹಿಂದಿನ ಸಾಲಿನ ದೀಪಗಳನ್ನು ಒಂದೊಂದಾಗಿ ಆರಿಸುತ್ತ ಬರುತ್ತಿದ್ದ. ಮಾಸ್ತರರು ಬಾಗಿಲಲ್ಲೇ ನಿಂತು ಕೇಳುತ್ತಿದ್ದರು, ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಕಾಲು ಬರಿದು.